ಹಿನ್ನೆಲೆಯನ್ನು ಮಾತ್ರ ಕಪ್ಪಾಗಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋ ಎಡಿಟಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ನನ್ನ ಮುಂದೆ ಬರುವ ಪ್ರಶ್ನೆಗಳಿವು. ಕೆಲವು ಎದುರಿಗೇ ಕೇಳಿದವು, ಕೆಲವು ಪತ್ರಗಳಲ್ಲಿ, ಕಾಮೆಂಟ್‌ಗಳಲ್ಲಿ ಬಂದವು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಬಾರಿಗೆ ಮಾಡುವವರು ಮೇಲಿನಿಂದ ಓದಿ. ಮಾಸ್ಕ್ ಅಂದರೇನು ಅಂತ ಗೊತ್ತಿರುವವರು ನೇರ ಅಂಚಿನ ಭಾಗಕ್ಕೆ ಹೋಗಬಹುದು.

## ಈಗಷ್ಟೇ ಶುರು ಮಾಡುವವರಿಗೆ

ಬ್ಯಾಕ್‌ಗ್ರೌಂಡ್ ಯಾಕೆ ಕಪ್ಪು ಮಾಡಬೇಕು? ಬ್ಲರ್ ಮಾಡಿದ್ರೆ ಸಾಕಲ್ವಾ?

ಎರಡರ ಕೆಲಸವೂ ಬೇರೆ ಬೇರೆ. ಫೋಟೋ ನೋಡಿದ ಕೂಡಲೇ ಕಣ್ಣು ಹೋಗುವುದು ಬೆಳಕು ಜಾಸ್ತಿ ಇರುವ ಕಡೆಗೆ. ಮುಖದ ಹಿಂದೆ ಬಿಸಿಲು ಬಿದ್ದ ಗೋಡೆ ಇದ್ದರೆ, ಅದು ಎಷ್ಟೇ ಮಸುಕಾಗಿದ್ದರೂ ಕಣ್ಣನ್ನು ಎಳೆಯುತ್ತಲೇ ಇರುತ್ತದೆ. ಬ್ಲರ್ ಮಾಡಿದರೆ ಗೋಡೆಯ ವಿವರ ಹೋಗುತ್ತದೆ, ಹೊಳಪು ಹೋಗುವುದಿಲ್ಲ. ಆ ಹೊಳಪನ್ನು ಸ್ವಲ್ಪ ಇಳಿಸಿ ನೋಡಿ. ಮುಖವನ್ನು ಮುಟ್ಟದೆಯೇ ಮುಖ ಬೆಳಗಿದ ಹಾಗೆ ಕಾಣುತ್ತದೆ. ಈ ಕೆಲಸ ನನಗೆ ಇಷ್ಟವಾಗುವುದೂ ಇದಕ್ಕೇ. ಮನುಷ್ಯರ ಚರ್ಮ, ಕಣ್ಣು ಯಾವುದನ್ನೂ ತಿದ್ದದೆ ಚಿತ್ರವನ್ನು ಸುಧಾರಿಸಬಹುದು.

ಬ್ರೈಟ್‌ನೆಸ್ ಇಳಿಸಿದ್ರೆ ಮುಖವೂ ಕಪ್ಪಾಗ್ತಿದೆ. ಹಿಂದಿನದು ಒಂದೇ ಕಪ್ಪಾಗೋ ಹಾಗೆ ಮಾಡೋದು ಹೇಗೆ?

ಬ್ರೈಟ್‌ನೆಸ್ ಸ್ಲೈಡರ್‌ಗೆ ಮುಖ ಯಾವುದು, ಗೋಡೆ ಯಾವುದು ಅಂತ ಗೊತ್ತಿಲ್ಲ. ಅದನ್ನು ತಿಳಿಸುವುದೇ ಮಾಸ್ಕ್. ಫೋಟೋದ ಮೇಲೆ ಅಷ್ಟೇ ಅಳತೆಯ ಇನ್ನೊಂದು ಕಪ್ಪು ಬಿಳುಪು ಚಿತ್ರ ಇದೆ ಅಂತ ಅಂದುಕೊಳ್ಳಿ. ಅದು ಬಿಳಿ ಇರುವ ಕಡೆ ನಿಮ್ಮ ಬದಲಾವಣೆ ಪೂರ್ತಿ ಕಾಣುತ್ತದೆ. ಕಪ್ಪು ಇರುವ ಕಡೆ ಏನೂ ಆಗುವುದಿಲ್ಲ. ಬೂದು ಇರುವ ಕಡೆ ಅರ್ಧಂಬರ್ಧ ಆಗುತ್ತದೆ. ಹಿನ್ನೆಲೆಗೆ ಬಿಳಿ, ವ್ಯಕ್ತಿಗೆ ಕಪ್ಪು ಬಳಿದರೆ ಆಯಿತು, ಸ್ಲೈಡರ್ ಎಷ್ಟು ಇಳಿಸಿದರೂ ಮುಖ ಹಾಗೇ ಇರುತ್ತದೆ. ಯಾವ ಸಾಫ್ಟ್‌ವೇರ್ ತೆಗೆದರೂ ಒಳಗೆ ನಡೆಯುವುದು ಇಷ್ಟೇ. ಕೆಲವು ಮಾಸ್ಕ್ ಅನ್ನು ಕಣ್ಣಿಗೆ ತೋರಿಸುತ್ತವೆ, ಕೆಲವು ಬಚ್ಚಿಡುತ್ತವೆ.

ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ?

ಬೇಕಿಲ್ಲ. ಗಿಂಪ್ ಪೂರ್ತಿ ಉಚಿತ, ಅದರಲ್ಲಿ ಮಾಸ್ಕ್, ಕರ್ವ್ಸ್ (ಗೆರೆ ಎಳೆದು ಹೊಳಪು ಬದಲಿಸುವ ಸಾಧನ) ಎಲ್ಲಾ ಇವೆ. ಫೋಟೋಪಿಯಾ ಬ್ರೌಸರ್‌ನಲ್ಲೇ ನಡೆಯುತ್ತದೆ, ನೋಡಲು ಫೋಟೋಶಾಪ್ ತರಹವೇ ಇದೆ. ಫೋಟೋಶಾಪ್, ಲೈಟ್‌ರೂಮ್‌ಗೆ ದುಡ್ಡು ಕೊಟ್ಟರೆ ಸಿಗುವ ದೊಡ್ಡ ಅನುಕೂಲ ಅಂದರೆ ವ್ಯಕ್ತಿಯನ್ನು ತಾನೇ ಗುರುತಿಸಿ ಸೆಲೆಕ್ಟ್ ಮಾಡುವ ಸೌಲಭ್ಯ. ವಾರಕ್ಕೆ ನೂರಾರು ಫೋಟೋ ತಿದ್ದುವವರಿಗೆ ಅದು ದೊಡ್ಡದು. ತಿಂಗಳಿಗೆ ನಾಲ್ಕು ತಿದ್ದುವವರು ಕೈಯಲ್ಲೇ ಸೆಲೆಕ್ಟ್ ಮಾಡುವುದನ್ನು ಕಲಿಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನನ್ನ ಹತ್ರ ಕಂಪ್ಯೂಟರ್ ಇಲ್ಲ. ಫೋನಲ್ಲೇ ಆಗುತ್ತಾ?

ಆಗುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಿ ಬ್ರಷ್ ತೆಗೆದುಕೊಂಡು ಎಕ್ಸ್‌ಪೋಶರ್ ಅನ್ನು ಮೈನಸ್‌ಗೆ ಇಟ್ಟು, ಹಿನ್ನೆಲೆಯ ಮೇಲೆ ಬೆರಳಾಡಿಸಿ. ಒಂದು ಗುಟ್ಟು ಇದೆ: ಅದರಲ್ಲಿ ಫೋಟೋವನ್ನು ಹಿಗ್ಗಿಸಿದಷ್ಟೂ ಬ್ರಷ್ ಚಿಕ್ಕದಾಗುತ್ತದೆ. ಹಾಗಾಗಿ ಭುಜ, ಕಿವಿಯ ಹತ್ತಿರ ಬಂದಾಗ ಚೆನ್ನಾಗಿ ಹಿಗ್ಗಿಸಿಕೊಂಡು ಬಳಿಯಿರಿ. ಲೈಟ್‌ರೂಮ್‌ನ ಮೊಬೈಲ್ ಆ್ಯಪ್‌ನಲ್ಲೂ ಮಾಸ್ಕ್ ಸೌಲಭ್ಯ ಇದೆ.

## ಸಾಫ್ಟ್‌ವೇರ್‌ನಲ್ಲಿ ಹಂತ ಹಂತವಾಗಿ

ಫೋಟೋಶಾಪ್‌ನಲ್ಲಿ ಮೊದಲಿಂದ ಕೊನೇವರೆಗೂ ಒಂದ್ಸಲ ಹೇಳಿಬಿಡಿ, ಬರ್ಕೋತೀನಿ.

ಫೋಟೋ ತೆರೆದು ಸೆಲೆಕ್ಟ್ ಮೆನುವಿನಲ್ಲಿ ಸಬ್ಜೆಕ್ಟ್ ಒತ್ತಿ. 2018ರಲ್ಲಿ ಬಂದ ಈ ಸೌಲಭ್ಯ ವ್ಯಕ್ತಿಯನ್ನೋ ವಸ್ತುವನ್ನೋ ತಾನೇ ಗುರುತಿಸುತ್ತದೆ. ಬಿಟ್ಟುಹೋದ ಕಡೆ ಕ್ವಿಕ್ ಸೆಲೆಕ್ಷನ್ ಟೂಲ್‌ನಿಂದ ಸೇರಿಸಿ. ಜಾಸ್ತಿ ಬಂದಿದ್ದರೆ ಆಲ್ಟ್ ಕೀ ಹಿಡಿದು ಕಳೆಯಿರಿ. ಈಗ ಕಂಟ್ರೋಲ್, ಶಿಫ್ಟ್, ಐ ಒಟ್ಟಿಗೆ ಒತ್ತಿ. ಸೆಲೆಕ್ಷನ್ ತಿರುಗಿ ಹಿನ್ನೆಲೆಗೆ ಹೋಗುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಒತ್ತಬೇಕು.

ಆಮೇಲೆ ಲೇಯರ್ ಪ್ಯಾನೆಲ್‌ನ ಕೆಳಗಿನಿಂದ ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ. ಇದು ಫೋಟೋದ ಮೇಲೆ ಕೂರುವ, ಬದಲಾವಣೆಯನ್ನಷ್ಟೇ ಹೊತ್ತ ಪದರ. ಸೆಲೆಕ್ಷನ್ ಇದ್ದ ಕಾರಣ ಮಾಸ್ಕ್ ತಾನಾಗಿಯೇ ಬಂದಿರುತ್ತದೆ. ಕರ್ವ್ಸ್‌ನ ಗೆರೆಯನ್ನು ನಡುವೆ ಹಿಡಿದು ಕೆಳಗೆ ಎಳೆಯಿರಿ, ಹಿನ್ನೆಲೆ ಇಳಿಯುತ್ತದೆ. ಎಲ್ಲಾದರೂ ವ್ಯಕ್ತಿಯ ಮೇಲೂ ಕಪ್ಪು ಬಿದ್ದಿದ್ದರೆ ಮಾಸ್ಕ್ ಮೇಲೆ ಕ್ಲಿಕ್ ಮಾಡಿ, ಮೆತ್ತನೆಯ ಬ್ರಷ್‌ನಿಂದ ಅಲ್ಲಿ ಕಪ್ಪು ಬಳಿಯಿರಿ. ಎಕ್ಸ್ ಕೀ ಒತ್ತಿದರೆ ಕಪ್ಪು ಬಿಳಿ ಅದಲು ಬದಲಾಗುತ್ತವೆ. ಈ ಒಂದು ಕೀ ಕೈಗೆ ಹತ್ತಿದರೆ ಕೆಲಸ ಬೇಗ ಆಗುತ್ತದೆ.

ಲೇಯರ್‌ಗಳನ್ನು ಹಾಗೇ ಉಳಿಸುವ ಪಿಎಸ್‌ಡಿ ಫೈಲ್ ಆಗಿ ಸೇವ್ ಮಾಡಿ. ನಾಳೆ ನೋಡಿ ಜಾಸ್ತಿ ಕಪ್ಪಾಯಿತು ಅನಿಸಿದರೆ ಗೆರೆಯನ್ನು ಮೇಲೆ ಎತ್ತಿದರೆ ಸಾಕು. ಮೂಲ ಫೋಟೋಗೆ ಏನೂ ಆಗಿರುವುದಿಲ್ಲ.

ಗಿಂಪ್‌ನಲ್ಲಿ ಅಡ್ಜಸ್ಟ್‌ಮೆಂಟ್ ಲೇಯರೇ ಸಿಗ್ತಿಲ್ಲ. ಎಲ್ಲಿದೆ?

ಫೋಟೋಶಾಪ್‌ನಲ್ಲಿ ಇರುವ ರೂಪದಲ್ಲಿ ಅದು ಗಿಂಪ್‌ನಲ್ಲಿ ಇಲ್ಲ. ದಾರಿ ಬೇರೆ ಇದೆ. ಮೊದಲು ಫೋರ್‌ಗ್ರೌಂಡ್ ಸೆಲೆಕ್ಟ್ ಟೂಲ್‌ನಿಂದ ವ್ಯಕ್ತಿಯನ್ನು ಸೆಲೆಕ್ಟ್ ಮಾಡಿ, ಕಂಟ್ರೋಲ್ ಮತ್ತು ಐ ಒತ್ತಿ ತಿರುಗಿಸಿ. ಲೇಯರ್ ಅನ್ನು ಡೂಪ್ಲಿಕೇಟ್ ಮಾಡಿ. ಮೇಲಿನ ಲೇಯರ್‌ಗೆ ಮಾಸ್ಕ್ ಸೇರಿಸಿ, ಅದು ಕೇಳುವ ಆಯ್ಕೆಗಳಲ್ಲಿ ಸೆಲೆಕ್ಷನ್ ಅನ್ನುವುದನ್ನು ಆರಿಸಿ. ಸೆಲೆಕ್ಷನ್ ತೆಗೆದುಹಾಕಿ. ಈಗ ಮಾಸ್ಕ್ ಬಿಟ್ಟು ಪಕ್ಕದ ಚಿತ್ರದ ಮೇಲೆ ಕ್ಲಿಕ್ ಮಾಡಿ, ಕಲರ್ಸ್ ಮೆನುವಿನ ಕರ್ವ್ಸ್‌ನಿಂದ ಇಳಿಸಿ. ಈ ಕ್ಲಿಕ್ ಮರೆತು ಮಾಸ್ಕ್ ಅನ್ನೇ ಕಪ್ಪಾಗಿಸಿ "ಏನೂ ಆಗ್ತಿಲ್ಲ" ಅನ್ನುವವರು ತುಂಬಾ ಜನ.

2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಇದ್ದರೆ ಇನ್ನೂ ಹಗುರ. ಹಾಕಿದ ಫಿಲ್ಟರ್ ಲೇಯರ್ ಜೊತೆಗೇ ಉಳಿಯುತ್ತದೆ, ಆಮೇಲೆ ತೆರೆದು ಬದಲಾಯಿಸಬಹುದು. ಎರಡೂ ಸಾಫ್ಟ್‌ವೇರ್ ಬಳಸುವವರು ಒಂದು ಗಮನಿಸಿ: ಕಂಟ್ರೋಲ್ ಮತ್ತು ಐ ಗಿಂಪ್‌ನಲ್ಲಿ ಸೆಲೆಕ್ಷನ್ ತಿರುಗಿಸುತ್ತದೆ, ಫೋಟೋಶಾಪ್‌ನಲ್ಲಿ ಬಣ್ಣಗಳನ್ನೇ ತಿರುಗಿಸಿಬಿಡುತ್ತದೆ.

ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋಶರ್ ಮೈನಸ್ ಎಷ್ಟಕ್ಕೆ ಇಡಬೇಕು?

ಮಾಸ್ಕ್ ಪ್ಯಾನೆಲ್‌ನಲ್ಲಿ ಬ್ಯಾಕ್‌ಗ್ರೌಂಡ್ ಆರಿಸಿ, ಮೈನಸ್ 0.5ರಿಂದ ಶುರು ಮಾಡಿ. ಅಲ್ಲಿ 1 ಅಂದರೆ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಮೈನಸ್ 2 ಅಂದರೆ ಕಾಲು ಭಾಗ. ನನ್ನ ಹೆಚ್ಚಿನ ಫೋಟೋಗಳು ಮೈನಸ್ 0.5 ಮತ್ತು 1ರ ನಡುವೆ ನಿಲ್ಲುತ್ತವೆ. ಎಕ್ಸ್‌ಪೋಶರ್ ಒಂದನ್ನೇ ಎಳೆಯುವ ಬದಲು ಅದನ್ನು ಅರ್ಧ ಇಳಿಸಿ, ಉಳಿದದ್ದಕ್ಕೆ ಹೈಲೈಟ್ಸ್ (ಹೆಚ್ಚು ಹೊಳೆಯುವ ಭಾಗಗಳು) ಇಳಿಸಿ ನೋಡಿ. ಕಣ್ಣು ಎಳೆಯುತ್ತಿದ್ದ ಹೊಳಪು ಹೋಗುತ್ತದೆ, ನೆರಳಿನ ಕಡೆಯ ವಿವರ ಉಳಿಯುತ್ತದೆ.

## ಅಂಚಿನ ತೊಂದರೆಗಳು

ಕಪ್ಪು ಮಾಡಿದ ಮೇಲೆ ಮನುಷ್ಯನ ಸುತ್ತ ಬಿಳಿ ಗೆರೆ ಕಾಣ್ತಿದೆ. ಏನು ಮಾಡಿದ್ರೂ ಹೋಗ್ತಿಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾನೂ ಇದರಿಂದ ನೊಂದವನು. ಹತ್ತಿರದವರೊಬ್ಬರ ಫೋಟೋ ಮಾಡಿ, ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ ಕೊಟ್ಟಿದ್ದೆ. ಗೋಡೆಗೆ ತೂಗುಹಾಕಿದ ಮೇಲೆ ತಲೆಯ ಸುತ್ತ ತೆಳು ಬಿಳಿ ದಾರ ಸುತ್ತಿದ ಹಾಗೆ ಕಂಡಿತು. ಆಮೇಲೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಅಂದಿನಿಂದ ಪ್ರತಿ ಫೋಟೋವನ್ನೂ ಶೇ 100ಕ್ಕೆ ಹಿಗ್ಗಿಸಿ, ಅಂಚನ್ನು ಒಂದು ಸುತ್ತು ನೋಡದೆ ಕೊಡುವುದಿಲ್ಲ.

ಗೆರೆ ಬರುವುದಕ್ಕೆ ಎರಡು ಕಾರಣಗಳಿರುತ್ತವೆ, ನಿಮ್ಮದು ಯಾವುದು ಅಂತ ಮೊದಲು ಗುರುತಿಸಿ. ಗೆರೆ ತೆಳ್ಳಗೆ, ಚೂಪಾಗಿ ಇದ್ದರೆ ಮಾಸ್ಕ್ ವ್ಯಕ್ತಿಯಿಂದ ಒಂದೆರಡು ಪಿಕ್ಸೆಲ್ ಹೊರಗೇ ನಿಂತಿದೆ. ನಡುವಿನ ಆ ಪಟ್ಟಿ ಹಳೆಯ ಬೆಳಕಿನಲ್ಲೇ ಉಳಿದಿದೆ. ಫೋಟೋಶಾಪ್‌ನಲ್ಲಿ ಮಾಸ್ಕ್ ಆರಿಸಿಕೊಂಡು ಫಿಲ್ಟರ್ ಮೆನುವಿನ ‘ಅದರ್’ (Other) ಅನ್ನುವಲ್ಲಿರುವ ಮ್ಯಾಕ್ಸಿಮಮ್ ಅನ್ನು 1 ಪಿಕ್ಸೆಲ್ ಕೊಡಿ. ಅದು ಮಾಸ್ಕ್‌ನ ಬಿಳಿಯನ್ನು ಒಳಕ್ಕೆ ತಳ್ಳುತ್ತದೆ, ಗೆರೆ ಮುಚ್ಚಿಹೋಗುತ್ತದೆ. 3, 4 ಪಿಕ್ಸೆಲ್ ಕೊಟ್ಟರೆ ಬಿಳಿ ಗೆರೆಯ ಜಾಗದಲ್ಲಿ ಕಪ್ಪು ಗೆರೆ ಬರುತ್ತದೆ, ಎಚ್ಚರ.

ಗೆರೆಗಿಂತ ಹೆಚ್ಚಾಗಿ ಪ್ರಭಾವಳಿ ತರಹ, ಅಗಲವಾಗಿ, ಮೆತ್ತಗೆ ಹೊಳೆಯುತ್ತಿದ್ದರೆ ತಪ್ಪು ಫೆದರ್‌ನದು, ಅಂದರೆ ಮಾಸ್ಕ್‌ನ ಅಂಚನ್ನು ಮೆತ್ತಗೆ ಮಾಡುವ ಅಳತೆಯದು. ಫೆದರ್ ಜಾಸ್ತಿ ಆದಾಗ ವ್ಯಕ್ತಿಯ ಪಕ್ಕದ ಹಿನ್ನೆಲೆ ನಿಧಾನವಾಗಿ ಕಪ್ಪಾಗುತ್ತದೆ, ಹತ್ತಿರದಲ್ಲಿ ಬೆಳಕು ಉಳಿದುಬಿಡುತ್ತದೆ. ಮಾಸ್ಕ್‌ನ ಪ್ರಾಪರ್ಟೀಸ್‌ನಲ್ಲಿ ಫೆದರ್ ಇಳಿಸಿ. ಅಲ್ಲಲ್ಲಿ ಮಾತ್ರ ಉಳಿದರೆ ಬ್ರಷ್‌ನ ಮೋಡ್ ಅನ್ನು ಓವರ್‌ಲೇ ಮಾಡಿ, ಮಾಸ್ಕ್‌ನ ಆ ಅಂಚಿನ ಮೇಲೆ ಬಿಳಿ ಬಳಿಯಿರಿ. ಓವರ್‌ಲೇ ಬ್ರಷ್ ಬೂದು ಇರುವ ಕಡೆ ಮಾತ್ರ ಕೆಲಸ ಮಾಡುತ್ತದೆ, ಅಚ್ಚ ಕಪ್ಪನ್ನು ಮುಟ್ಟುವುದಿಲ್ಲ. ಹಾಗಾಗಿ ಕೈ ಸ್ವಲ್ಪ ತಪ್ಪಿ ವ್ಯಕ್ತಿಯ ಮೇಲೆ ಹೋದರೂ ನಷ್ಟವಿಲ್ಲ.

ಕೂದಲು ಬಿಡಿ ಬಿಡಿಯಾಗಿ ಹಾರಾಡ್ತಿದೆ. ಒಂದೊಂದೇ ಎಳೆ ಸೆಲೆಕ್ಟ್ ಮಾಡಬೇಕಾ?

ಬೇಡ, ಯಾರಿಂದಲೂ ಆಗದ ಕೆಲಸ ಅದು. ಫೋಟೋಶಾಪ್‌ನಲ್ಲಿ ಸೆಲೆಕ್ಷನ್ ಇರುವಾಗಲೇ ಸೆಲೆಕ್ಟ್ ಆ್ಯಂಡ್ ಮಾಸ್ಕ್ ತೆರೆದು, ರಿಫೈನ್ ಎಡ್ಜ್ ಬ್ರಷ್ ಅನ್ನು ಕೂದಲಿನ ಅಂಚಿನ ಮೇಲೆ ಮಾತ್ರ ಆಡಿಸಿ. ಎಳೆ ಯಾವುದು, ಸಂದು ಯಾವುದು ಅಂತ ಅದೇ ಲೆಕ್ಕ ಹಾಕುತ್ತದೆ. ಭುಜ, ತೋಳಿನ ಮೇಲೆ ಅದನ್ನು ಆಡಿಸಬೇಡಿ, ಚೂಪಾದ ಅಂಚು ಹಾಳಾಗುತ್ತದೆ.

ಒಂದು ಸಮಾಧಾನದ ವಿಷಯ ಹೇಳುತ್ತೇನೆ. ಹಿನ್ನೆಲೆಯನ್ನು ಪೂರ್ತಿ ಬದಲಾಯಿಸುವುದಕ್ಕಿಂತ ಕಪ್ಪಾಗಿಸುವುದು ಎಷ್ಟೋ ಸುಲಭ. ಕಪ್ಪು ಕೂದಲಾದರೆ ಅದರ ಮೇಲೆ ಸ್ವಲ್ಪ ಕಪ್ಪು ಜಾಸ್ತಿ ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕೂದಲಿನ ಹೊರ ಪದರವನ್ನು ಹಿನ್ನೆಲೆಯ ಜೊತೆಗೇ ಸೇರಿಸಿಬಿಡಿ. ಕಷ್ಟ ಇರುವುದು ನರೆತ ಕೂದಲು, ಹೊಂಬಣ್ಣದ ಕೂದಲು, ಹಿಂದಿನಿಂದ ಬಿಸಿಲು ಬಿದ್ದ ಕೂದಲಿನಲ್ಲಿ.

ಅಂಥ ಕಡೆ ಚಾನೆಲ್ ದಾರಿ ಹಿಡಿಯಿರಿ. ಚಾನೆಲ್ ಅಂದರೆ ಫೋಟೋದ ಒಂದೊಂದು ಮೂಲ ಬಣ್ಣದ ಕಪ್ಪು ಬಿಳುಪು ಚಿತ್ರ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ, ಕೂದಲಿಗೂ ಹಿನ್ನೆಲೆಗೂ ವ್ಯತ್ಯಾಸ ಜಾಸ್ತಿ ಇರುವುದನ್ನು ನಕಲು ಮಾಡಿ. ಲೆವೆಲ್ಸ್‌ನಿಂದ ವ್ಯತ್ಯಾಸವನ್ನು ಇನ್ನೂ ಹೆಚ್ಚಿಸಿ. ಮುಖ, ಮೈಯನ್ನು ಬ್ರಷ್‌ನಿಂದ ತುಂಬಿ. ಆ ಚಾನೆಲ್ಲೇ ನಿಮ್ಮ ಮಾಸ್ಕ್. ಹಳೆಯ ವಿಧಾನ, ಈಗಲೂ ಕೈ ಬಿಡುವುದಿಲ್ಲ.

ಫೆದರ್ ಎಷ್ಟು ಕೊಡಬೇಕು? ಒಬ್ಬರು 2 ಅಂತಾರೆ, ಇನ್ನೊಬ್ಬರು 20 ಅಂತಾರೆ.

ಇಬ್ಬರೂ ಸರಿ ಇರಬಹುದು. ಫೆದರ್ ಅಳೆಯುವುದು ಪಿಕ್ಸೆಲ್‌ನಲ್ಲಿ. 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ 5 ಅಂದರೆ ಕಣ್ಣಿಗೆ ಕಾಣದಷ್ಟು ಕಡಿಮೆ, 1000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅದೇ 5 ತುಂಬಾ ಜಾಸ್ತಿ. ಅಂಕಿ ಬಿಟ್ಟು ಫೋಟೋದ ಅಂಚನ್ನು ನೋಡಿ. ಕೆನ್ನೆಯ ಗೆರೆ ಎಷ್ಟು ಚೂಪಾಗಿದೆಯೋ ಅಲ್ಲಿ ಮಾಸ್ಕ್ ಕೂಡ ಅಷ್ಟೇ ಚೂಪಾಗಿರಬೇಕು. ಫೋಕಸ್ ತಪ್ಪಿದ ಭುಜದ ಹತ್ತಿರ ಮಾಸ್ಕ್ ಅಷ್ಟೇ ಮೆತ್ತಗಿರಬೇಕು. ಹಾಗಾಗಿ ಇಡೀ ಮಾಸ್ಕ್‌ಗೆ ಒಂದೇ ಫೆದರ್ ಹೊಂದುವುದು ಅಪರೂಪ. ಚೂರು ಕೊಟ್ಟು, ಮಸುಕಾದ ಕಡೆ ಬ್ಲರ್ ಟೂಲ್‌ನಿಂದ ಮಾಸ್ಕ್ ಅನ್ನೇ ಮೆತ್ತಗೆ ಮಾಡಿ.

ಕನ್ನಡಕ, ಗಾಜಿನ ಲೋಟ ಇದ್ರೆ?

ಗಾಜಿನ ಮೂಲಕ ಕಾಣುವ ಹಿನ್ನೆಲೆಯೂ ಇಳಿಯಬೇಕು, ಇಲ್ಲದಿದ್ದರೆ ಗಾಜಿನೊಳಗೆ ದೀಪ ಇಟ್ಟ ಹಾಗೆ ಕಾಣುತ್ತದೆ. ಅಲ್ಲಿ ಮಾಸ್ಕ್‌ಗೆ ಬೂದು ಬಳಿಯಿರಿ. ಗಾಜಿನ ಮೇಲಿನ ಹೊಳಪಿನ ಚುಕ್ಕೆಗಳಿಗೆ ಮಾತ್ರ ಕಪ್ಪು. ತೋಳು ಮತ್ತು ಸೊಂಟದ ನಡುವಿನ ಸಂದು ಕೂಡ ಮರೆತುಹೋಗುವ ಜಾಗ.

ನಿಂತಿರೋ ಫೋಟೋದಲ್ಲಿ ಕಾಲು ಗಾಳಿಯಲ್ಲಿ ತೇಲೋ ಹಾಗೆ ಕಾಣುತ್ತೆ, ಯಾಕೆ?

ನೆಲವನ್ನೂ ಹಿನ್ನೆಲೆ ಅಂತ ಎಣಿಸಿ ಪಾದದ ಅಂಚಿನವರೆಗೂ ಕಪ್ಪಾಗಿಸಿದ್ದೀರಿ, ಅದಕ್ಕೆ. ವ್ಯಕ್ತಿಯ ಮೇಲೆ ಬಿದ್ದ ಬೆಳಕೇ ಪಾದದ ಕೆಳಗಿನ ನೆಲದ ಮೇಲೂ ಬಿದ್ದಿರುತ್ತದೆ. ಒಂದು ಬೆಳಗಿ ಇನ್ನೊಂದು ಕಪ್ಪಾಗಿದ್ದರೆ ಕಣ್ಣು ನಂಬುವುದಿಲ್ಲ. ಯಾವ ಸಾಫ್ಟ್‌ವೇರ್ ಕೂಡ ಇದನ್ನು ತಾನಾಗಿ ಸರಿ ಮಾಡಿದ್ದನ್ನು ನಾನು ನೋಡಿಲ್ಲ. ಅದಕ್ಕೆ ನೆಲವೂ ಒಂದೇ, ಹಿಂದಿನ ಮರವೂ ಒಂದೇ.

ಮಾಸ್ಕ್ ಮೇಲೆ ಗ್ರೇಡಿಯೆಂಟ್ ಟೂಲ್ ತೆಗೆದುಕೊಂಡು, ಪಾದದ ಹತ್ತಿರದಿಂದ ಹಿಂದಕ್ಕೆ ಹೋದ ಹಾಗೆ ಕಪ್ಪಿನಿಂದ ಪಾರದರ್ಶಕಕ್ಕೆ (ಟ್ರಾನ್ಸ್‌ಪರೆಂಟ್) ಎಳೆಯಿರಿ. ಪಾದದ ಸುತ್ತ ನೆಲ ಮೊದಲಿನ ಹಾಗೇ ಇರಲಿ, ದೂರ ಹೋದಂತೆ ನಿಧಾನವಾಗಿ ಕತ್ತಲಾಗಲಿ. ವ್ಯಕ್ತಿಯ ನೆರಳನ್ನು ವ್ಯಕ್ತಿಯ ಜೊತೆಗೇ ಲೆಕ್ಕ ಹಾಕಿ.

## ಬೆಳಕು ಮತ್ತು ಬಣ್ಣ

ನಾನು ಮಾಡಿದ್ರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. ಎಲ್ಲಿ ತಪ್ಪಾಗ್ತಿದೆ?

ಅಂಚು ಸರಿ ಇದ್ದೂ ಹೀಗೆ ಕಂಡರೆ, ಹಿನ್ನೆಲೆ ಎಲ್ಲಾ ಕಡೆ ಒಂದೇ ಸಮ ಕಪ್ಪಾಗಿದೆ ಅಂತ ಅರ್ಥ. ನಿಜವಾದ ಬೆಳಕು ಹಾಗೆ ಇಳಿಯುವುದಿಲ್ಲ. ದೀಪದಿಂದ 1 ಮೀಟರ್ ದೂರದಲ್ಲಿ ವ್ಯಕ್ತಿ ಇದ್ದು, 2 ಮೀಟರ್ ದೂರದಲ್ಲಿ ಗೋಡೆ ಇದ್ದರೆ ಗೋಡೆಗೆ ಸಿಗುವುದು ಕಾಲು ಭಾಗ ಬೆಳಕು. 4 ಮೀಟರ್‌ಗೆ ಹೋದರೆ 16ರಲ್ಲಿ ಒಂದು ಭಾಗ. ಸ್ಟುಡಿಯೋದಲ್ಲಿ ಬಿಳಿ ಗೋಡೆಯೂ ಬೂದಾಗಿ ಕಾಣುವುದು ಇದರಿಂದಲೇ. ನೀವೂ ಇದನ್ನೇ ಅನುಸರಿಸಿ. ಹತ್ತಿರದ್ದನ್ನು ಕಡಿಮೆ, ದೂರದ್ದನ್ನು ಜಾಸ್ತಿ ಇಳಿಸಿ. ಮುಖಕ್ಕೆ ಎಡಗಡೆಯಿಂದ ಬೆಳಕು ಬಿದ್ದಿದ್ದರೆ ಹಿನ್ನೆಲೆಯ ಎಡಭಾಗ ಸ್ವಲ್ಪ ತಿಳಿಯಾಗಿ ಉಳಿಯಲಿ.

ನಾನು ಎರಡು ಕರ್ವ್ಸ್ ಲೇಯರ್ ಬಳಸುತ್ತೇನೆ. ಒಂದು ಇಡೀ ಹಿನ್ನೆಲೆಗೆ, ತುಂಬಾ ಹಗುರವಾಗಿ. ಇನ್ನೊಂದು ಅಂಚು, ಮೂಲೆಗಳಿಗೆ, ದೊಡ್ಡ ಮೆತ್ತನೆಯ ಬ್ರಷ್‌ನಲ್ಲಿ ಫ್ಲೋ ಶೇ 10 ಇಟ್ಟು ನಾಲ್ಕೈದು ಸಲ ಬಳಿದು. ನೋಡುವವರಿಗೆ ಎಡಿಟ್ ಮಾಡಿದ್ದು ಗೊತ್ತಾಗಬಾರದು, ಬೆಳಕೇ ಹಾಗೆ ಬಿದ್ದಿತ್ತು ಅನಿಸಬೇಕು.

ಕಪ್ಪು ಮಾಡಿದ ಮೇಲೆ ಹಸಿರು ಎಲೆಗಳು ಕಣ್ಣಿಗೆ ರಾಚ್ತಿವೆ.

ಕರ್ವ್ಸ್ ಗೆರೆಯನ್ನು ಕೆಳಗೆ ಎಳೆದಾಗ ಬಣ್ಣವೂ ಗಾಢವಾಗುತ್ತದೆ. ಆ ಕರ್ವ್ಸ್ ಲೇಯರ್‌ನ ಬ್ಲೆಂಡ್ ಮೋಡ್ ಅನ್ನು ನಾರ್ಮಲ್‌ನಿಂದ ಲೂಮಿನಾಸಿಟಿಗೆ ಬದಲಾಯಿಸಿ. ಹೊಳಪು ಮಾತ್ರ ಇಳಿಯುತ್ತದೆ. ಇನ್ನೂ ರಾಚಿದರೆ ಅದೇ ಮಾಸ್ಕ್ ನಕಲು ಮಾಡಿ ಸ್ಯಾಚುರೇಷನ್ 10, 15 ಇಳಿಸಿ.

ಗೋಡೆಯಲ್ಲಿ ಪಟ್ಟೆ ಪಟ್ಟೆ ಬಂತು.

8 ಬಿಟ್ ಫೋಟೋದಲ್ಲಿ ಒಂದು ಚಾನೆಲ್‌ಗೆ ಇರುವುದು 256 ಮೆಟ್ಟಿಲು ಮಾತ್ರ. ನುಣುಪಾದ ಗೋಡೆ, ಆಕಾಶವನ್ನು ಬಲವಾಗಿ ಇಳಿಸಿದಾಗ ನೂರು ಮೆಟ್ಟಿಲಿದ್ದ ಜಾಗ ಮೂವತ್ತಕ್ಕೆ ಕುಗ್ಗುತ್ತದೆ, ಆ ಮೆಟ್ಟಿಲುಗಳೇ ಪಟ್ಟೆಯಾಗಿ ಕಾಣುತ್ತವೆ. ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್) ಇದ್ದರೆ 16 ಬಿಟ್‌ನಲ್ಲಿ ತೆರೆದು ಕೆಲಸ ಮಾಡಿ. ಜೆಪೆಗ್ ಮಾತ್ರ ಇದ್ದರೆ ಹಿನ್ನೆಲೆಗೆ ಶೇ 1ರಷ್ಟು ನಾಯ್ಸ್ (ಸಣ್ಣ ಕಾಳಿನಂಥ ಚುಕ್ಕೆಗಳು) ಸೇರಿಸಿ, ಪಟ್ಟೆಗಳು ಒಡೆದು ಮಾಯವಾಗುತ್ತವೆ.

ಹಿಂದೆ ಇದ್ದ ದೀಪಗಳು ಬೂದು ಚುಕ್ಕೆ ಆಗಿಬಿಟ್ಟಿವೆ. ಸರಿ ಮಾಡೋಕಾಗುತ್ತಾ?

ಆಗುತ್ತದೆ. ಉರಿಯುವ ದೀಪ ಫೋಟೋದಲ್ಲಿ ಅಚ್ಚ ಬಿಳಿಯಾಗಿ ದಾಖಲಾಗಿರುತ್ತದೆ, ಅದರೊಳಗೆ ವಿವರ ಇರುವುದಿಲ್ಲ. ಇಳಿಸಿದರೆ ಬೂದಿಯ ಬಣ್ಣ ಬರುತ್ತದೆ ಅಷ್ಟೇ. ಹಾಗಾಗಿ ದೀಪವನ್ನು ಇಳಿಸಲೇಬಾರದು. ಕರ್ವ್ಸ್ ಲೇಯರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬ್ಲೆಂಡ್ ಇಫ್ ನೋಡಿ. ಅದರ ಅಂಡರ್‌ಲೈಯಿಂಗ್ ಲೇಯರ್ ಸಾಲಿನ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆಯಿರಿ. ತುಂಬಾ ಹೊಳೆಯುವ ಜಾಗಗಳಿಗೆ ಕರ್ವ್ಸ್ ತಾಗದೆ ಬಿಡುತ್ತದೆ. ಆಲ್ಟ್ ಹಿಡಿದು ಎಳೆದರೆ ತ್ರಿಕೋನ ಎರಡಾಗಿ ಒಡೆಯುತ್ತದೆ. ಎರಡರ ನಡುವೆ ಅಂತರ ಬಿಟ್ಟಷ್ಟೂ ಬದಲಾವಣೆ ಮೆತ್ತಗಾಗುತ್ತದೆ. ಸಂಜೆಯ ಫೋಟೋಗಳಲ್ಲಿ ಇದನ್ನು ಮಾಡಿ ನೋಡಿ, ಸುತ್ತ ಕತ್ತಲಾಗಿ ದೀಪ ಹಾಗೇ ಉರಿಯುತ್ತಿರುತ್ತದೆ.

## ಇನ್ನೂ ಮುಂದೆ ಹೋಗುವವರಿಗೆ

ಬರ್ನ್ ಟೂಲ್‌ನಲ್ಲೇ ಉಜ್ಜಿದ್ರೆ ಆಗಲ್ವಾ? ಮಾಸ್ಕ್ ಯಾಕೆ?

ಬರ್ನ್ ಅನ್ನುವ ಹೆಸರು ಬಂದದ್ದು ಡಾರ್ಕ್‌ರೂಮ್‌ನಿಂದ. ಪ್ರಿಂಟ್ ಮಾಡುವಾಗ ಕಾಗದದ ಒಂದು ಭಾಗಕ್ಕೆ ಜಾಸ್ತಿ ಹೊತ್ತು ಬೆಳಕು ಬೀಳಲು ಬಿಟ್ಟರೆ ಆ ಭಾಗ ಕಪ್ಪಾಗುತ್ತಿತ್ತು. ಉಳಿದದ್ದನ್ನು ಕೈಯಿಂದಲೋ ರಟ್ಟಿನಿಂದಲೋ ಮರೆ ಮಾಡುತ್ತಿದ್ದರು. ಆ ಕೈಯೇ ಅವತ್ತಿನ ಮಾಸ್ಕ್. ಫೋಟೋಶಾಪ್‌ನ ಬರ್ನ್ ಟೂಲ್ ನೇರ ಪಿಕ್ಸೆಲ್‌ಗಳನ್ನೇ ಬದಲಾಯಿಸುತ್ತದೆ, ಫೈಲ್ ಮುಚ್ಚಿದ ಮೇಲೆ ಹಿಂದಕ್ಕೆ ಹೋಗಲಾಗದು. ಬಳಸಲೇಬೇಕು ಅಂದರೆ ನಕಲು ಲೇಯರ್ ಮೇಲೆ, ಕಡಿಮೆ ಎಕ್ಸ್‌ಪೋಶರ್ ಇಟ್ಟು ಬಳಸಿ.

ಸುದ್ದಿ ಫೋಟೋಗೆ ಹೀಗೆ ಮಾಡಬಹುದಾ?

ಮನೆಯ ಆಲ್ಬಮ್, ಜಾಹೀರಾತು, ಕಲೆಗೆ ಅಡ್ಡಿಯಿಲ್ಲ. ಸುದ್ದಿಯ ಫೋಟೋದಲ್ಲಿ ಹಿನ್ನೆಲೆಯೂ ಸುದ್ದಿಯೇ. ಅಲ್ಲಿದ್ದ ಮನುಷ್ಯನೋ ವಸ್ತುವೋ ಕಾಣದಷ್ಟು ಕಪ್ಪಾಗಿಸಿದರೆ ಅದನ್ನು ಅಳಿಸಿದ ಹಾಗೆಯೇ. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯದಕ್ಕಿಂತ ಒಂದು ಸುತ್ತು ಹಿಂದಿನವರೆಗೆ ಬಂದಿದ್ದ ಚಿತ್ರಗಳಲ್ಲಿ ಶೇ 20ರಷ್ಟನ್ನು ಎಡಿಟಿಂಗ್ ಮಿತಿ ಮೀರಿದ್ದಕ್ಕೆ ಕೈಬಿಟ್ಟರು. ಪತ್ರಿಕೆಗೆ, ಸ್ಪರ್ಧೆಗೆ ಕಳಿಸುವ ಮೊದಲು ಅವರ ನಿಯಮ ಓದಿ. ಮೂಲ ಫೈಲ್ ಜೋಪಾನವಾಗಿಡಿ, ಕೇಳಬಹುದು.

ಒಂದೇ ಕಾರ್ಯಕ್ರಮದ 80 ಫೋಟೋ ಇವೆ. ಎಲ್ಲಕ್ಕೂ ಒಟ್ಟಿಗೆ ಮಾಡೋಕಾಗುತ್ತಾ?

ಲೈಟ್‌ರೂಮ್‌ನಲ್ಲಿ ಆಗುತ್ತದೆ. ಒಂದು ಫೋಟೋಗೆ ಬ್ಯಾಕ್‌ಗ್ರೌಂಡ್ ಮಾಸ್ಕ್ ಮಾಡಿ, ಸೆಟ್ಟಿಂಗ್ ನಕಲು ಮಾಡಿ ಉಳಿದವಕ್ಕೆ ಹಾಕಿದರೆ, ಪ್ರತಿ ಫೋಟೋದಲ್ಲೂ ವ್ಯಕ್ತಿ ಎಲ್ಲಿದ್ದಾನೆ ಅಂತ ಹೊಸದಾಗಿ ಹುಡುಕಿ ಮಾಸ್ಕ್ ಮಾಡುತ್ತದೆ. ಬ್ರಷ್‌ನಿಂದ ಬಳಿದ ಮಾಸ್ಕ್‌ಗೆ ಇದು ಆಗದು, ಅದು ಬಳಿದ ಜಾಗದಲ್ಲೇ ಕೂರುತ್ತದೆ. ಒಟ್ಟಿಗೆ ಮಾಡುವಾಗ ಮೈನಸ್ 0.5ಕ್ಕಿಂತ ಕೆಳಗೆ ಇಳಿಸಬೇಡಿ, ಅಷ್ಟರಲ್ಲಿ ಅಂಚಿನ ಸಣ್ಣ ತಪ್ಪುಗಳು ಕಾಣುವುದಿಲ್ಲ. ಆಮೇಲೆ ಒಂದೊಂದನ್ನೂ ತೆರೆದು ನೋಡಿ. ಗುಂಪು ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತವರನ್ನು ಹಿನ್ನೆಲೆ ಅಂತ ಎಣಿಸಿ ಕತ್ತಲಲ್ಲಿ ಬಿಟ್ಟಿರುತ್ತದೆ. ಅವರನ್ನು ಮಾಸ್ಕ್‌ನಿಂದ ಕಳೆದು ಬೆಳಕಿಗೆ ತರುವುದು ನಿಮ್ಮ ಕೈಯಲ್ಲೇ ಆಗಬೇಕು.